ಜರಡಿಗೆ ಸಿಕ್ಕದ ಕೆರೆಗಳು

ಚಿತ್ರದುರ್ಗದ ಸೀಮೆಯ ಚರಿತ್ರೆಯನ್ನು ಅರಿಯಬಯಸುವವರು ಬಿ. ಎಲ್. ರೈಸ್ ಅವರ ‘ಎಪಿಗ್ರಾಫಿಯಾ ಕರ್ನಾಟಿಕಾ’ದ ಹನ್ನೊಂದನೆಯ ಸಂಪುಟವನ್ನು ಬಿಟ್ಟು ಮುಂದೆ ಹೋಗಲಾರರು. 1903ರಲ್ಲಿ ಹೊರಬಂದ ಆ ಗ್ರಂಥದಲ್ಲಿ ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ ಮೊದಲಾದ ತಾಲ್ಲೂಕುಗಳ ಶಾಸನಗಳು ಒಂದೊಂದು ತಾಲ್ಲೂಕಿಗೂ ಬೇರೆಬೇರೆ ಅಂಕೆಗಳೊಡನೆ ಅಚ್ಚಾಗಿವೆ. ಮಳೆ ಕಡಿಮೆಯಾದ ಈ ನಾಡಿನಲ್ಲಿ ಕೆರೆ ಕಟ್ಟಿಸಿದವರು ಯಾರು, ಎಂದು ಕಟ್ಟಿಸಿದರು ಎಂಬುದನ್ನು ತಿಳಿಯಬೇಕಾದರೆ ಹಿಂದೆ ಪುಟಪುಟವನ್ನೂ ಓದಬೇಕಾಗಿತ್ತು. ಈಗ ಶಾಸನಪಾಠವನ್ನು ಗಣಕಯಂತ್ರಕ್ಕೆ ಏರಿಸಿಕೊಂಡವರು ಟೆಕ್ಸ್ಟ್ ಎಡಿಟರಿಗೆ ಒಂದು ಮಾದರಿಯನ್ನು ಕೊಟ್ಟು, ಅದಕ್ಕೆ ಹೊಂದುವ ಸಾಲುಗಳನ್ನಷ್ಟೇ ಹೆಕ್ಕಿಸಿಕೊಳ್ಳಬಹುದು.

ಈ ಜರಡಿ ನಿನ್ನೆ ಮೊನ್ನೆಯದಲ್ಲ. ಗಣಿತಜ್ಞ ಕ್ಲೀನಿ 1950ರ ದಶಕದಲ್ಲಿ ರೂಪಿಸಿದ ಸಂಕೇತಕ್ರಮವನ್ನು ಕೆನ್ ಥಾಂಪ್ಸನ್ ಎಡಿಟರಿಗೆ ಅಳವಡಿಸಿ, 1968ರಲ್ಲಿ ಅದರ ವಿಧಾನವನ್ನು ಪ್ರಕಟಿಸಿದರು. ಸಾಲು ಹೆಕ್ಕುವ ‘ಗ್ರೆಪ್’ ಎಂಬ ಸಾಧನದ ಹೆಸರು ಕೂಡ ಎಡಿಟರಿನ ಒಂದು ಆಜ್ಞೆಯಿಂದಲೇ ಹುಟ್ಟಿದ್ದು.

ಆದರೆ ಯಂತ್ರಕ್ಕೆ ಅಕ್ಷರ ಗೊತ್ತು, ಮಾತು ಗೊತ್ತಿಲ್ಲ. ‘ಕೆರೆ’ ಎಂದು ಕೇಳಿದರೆ ಅದು ‘ಕೆರೆ’ಯನ್ನೇ ತರುತ್ತದೆ; ಹಳೆಯ ಶಾಸನಗಳಲ್ಲಿ ಈ ಮಾತು ಶಕಟರೇಫದಿಂದ ‘ಕೆಱೆ’ ಎಂದಿರುತ್ತದೆ. ಹೀಗೆ ಹೆಕ್ಕಿದ ಸಾಲುಗಳನ್ನು ನೆಚ್ಚಿದ ಸಂಶೋಧಕನೊಬ್ಬ, ಮೊದಲ ಶತಮಾನಗಳಲ್ಲಿ ಇಲ್ಲಿ ಕೆರೆಗಳೇ ವಿರಳವೆಂದು ಬರೆದಾನು! ಹೊಳಲ್ಕೆರೆಯ ‘ಹೊಳಲ್’ ಹಳಗನ್ನಡದಲ್ಲಿ ‘ಪೊೞಲ್’, ಅಂದರೆ ಪಟ್ಟಣ. ಹಿರಿಯೂರಿನ ‘ಹಿರಿಯ’ ಆಗ ‘ಪಿರಿಯ’. ಸುಮಾರು ಹತ್ತನೆಯ ಶತಮಾನದಿಂದ ಪಕಾರ ಹಕಾರವಾಗತೊಡಗಿತೆಂಬುದನ್ನು ಮಾದರಿ ಬರೆಯುವವನೇ ಬಲ್ಲವನಾಗಿರಬೇಕು. ಉಪಾಯವೇನೋ ಸುಲಭ: ಚೌಕ ಕಂಸದೊಳಗೆ ರ, ಱ ಎರಡನ್ನೂ ಇಟ್ಟರೆ ಯಾವುದು ಬಂದರೂ ಯಂತ್ರ ಒಪ್ಪುತ್ತದೆ. (ಯೂನಿಕೋಡ್ ಪಟ್ಟಿಯಲ್ಲಿ ೞ ಅಕ್ಷರಕ್ಕೆ ತಪ್ಪಾಗಿ ‘ಫ’ ಎಂಬ ಹೆಸರು ಬಿದ್ದಿದೆ, ಒಮ್ಮೆ ಇಟ್ಟ ಹೆಸರನ್ನು ಬದಲಿಸುವಂತಿಲ್ಲವೆಂಬ ನಿಯಮದಿಂದ ಅದು ಹಾಗೆಯೇ ಉಳಿದಿದೆ.)

ಇದಕ್ಕಿಂತ ತೊಡಕಿನದು ಕಲ್ಲಿನ ಸಾಲು. ಕಂಡರಿಸುವವನಿಗೆ ಕಲ್ಲಿನ ಅಗಲವೇ ಮುಖ್ಯ. ಪದ ನಡುವೆ ಮುರಿದರೂ ಅವನಿಗೆ ಚಿಂತೆಯಿಲ್ಲ. ‘ಕೆ’ ಒಂದು ಸಾಲಿನ ಕೊನೆಗೂ ‘ಱೆ’ ಮುಂದಿನ ಸಾಲಿನ ಮೊದಲಿಗೂ ಬಿದ್ದರೆ, ಸಾಲುಸಾಲಾಗಿ ಸೋಸುವ ಜರಡಿಗೆ ಎರಡೂ ದಕ್ಕವು. ಒಂದೊಂದು ಶಾಸನವನ್ನೂ ಒಂದೇ ಉದ್ದ ಸಾಲಾಗಿ ಕೂಡಿಸಿಕೊಂಡ ಮೇಲೆ ಸೋಸುವುದು ಮೇಲು.

ಮಾದರಿಗೆ ಹೊಂದದವನ್ನೇ ತೋರಿಸುವ ತಿರುವು ಆಜ್ಞೆಯೂ ಉಂಟು. ನಾನು ಮೊದಲು ಓದುವುದು ಆ ಉಳಿಕೆಯನ್ನು. ಭೀಮಸಮುದ್ರದಂತೆ ‘ಸಮುದ್ರ’ವೆಂದು ಕರೆಸಿಕೊಂಡ ಕೆರೆಗಳು, ತೂಬು, ಏರಿ, ಕೋಡಿಯೆಂಬ ಮಾತುಗಳಷ್ಟೇ ಇರುವ ಸಾಲುಗಳು ಅಲ್ಲಿರುತ್ತವೆ.