ಬಿಡುಗಡೆಗೂ ಶುಲ್ಕ

ನ್ಯಾಯಾಲಯ ನಿರಪರಾಧಿ ಎಂದು ತೀರ್ಪಿತ್ತರೂ ಮನೆಗೆ ಹೋಗುವಂತಿಲ್ಲ. ಜೈಲರನ ಬಾಕಿ ತೀರುವವರೆಗೆ ಮತ್ತೆ ಸೆರೆಮನೆಗೇ ನಡೆಯಬೇಕು! ಹದಿನೆಂಟನೆಯ ಶತಮಾನದ ಇಂಗ್ಲೆಂಡಿನ ಕೌಂಟಿ ಜೈಲುಗಳಲ್ಲಿ (ಕೌಂಟಿ ಎಂದರೆ ನಮ್ಮ ಜಿಲ್ಲೆಯಿದ್ದಂತೆ) ಇದು ರೂಢಿಯಾಗಿತ್ತು.

ಎಷ್ಟೋ ಜೈಲರುಗಳಿಗೆ ಸಂಬಳವೇ ಇರಲಿಲ್ಲ. ಕೈದಿಗಳ ಶುಲ್ಕವೇ ಅವರ ಗಳಿಕೆ. ಬೇಡಿ ಹಗುರ ಮಾಡಿಸಲು, ಹಾಸಿಗೆ ಪಡೆಯಲು, ಕೊನೆಗೆ ಹೊರಬೀಳಲು ಎಲ್ಲಕ್ಕೂ ದುಡ್ಡು. ಸಾಲದ್ದಕ್ಕೆ ಹಳೆಯ ಕೈದಿಗಳು ಹೊಸಬನಿಂದ ‘ಗಾರ್ನಿಷ್’ ಎಂಬ ಮಾಮೂಲು ಕೀಳುತ್ತಿದ್ದರು. ಕೊಡದಿದ್ದರೆ ಮೈಮೇಲಿನ ಬಟ್ಟೆ ಹೋಗುತ್ತಿತ್ತು. ಮನೆಯವರು ಹೊಂದಿಸಿ ಕಳಿಸಿದ ಹಣ ಕೈದಿಯ ಹೊಟ್ಟೆಗೆ ಸೇರುವ ಮೊದಲೇ ಕರಗುತ್ತಿತ್ತು. (ಬೆಡ್‌ಫರ್ಡ್ ಜೈಲಿನಲ್ಲಿ 1660ರಿಂದ 1672ರವರೆಗಿದ್ದ ಜಾನ್ ಬನ್ಯನ್‌ನ ಕಥೆ ತಿರುಗುಮುರುಗು. ‘ಯಾತ್ರಿಕನ ಸಂಚಾರ’ದ ಈ ಕರ್ತೃ ಒಳಗಿದ್ದುಕೊಂಡೇ ಲೇಸು ತಯಾರಿಸಿ ಹೊರಗಿನ ಹೆಂಡತಿ ಮಕ್ಕಳಿಗೆ ನೆರವಾದ.)

1773ರಲ್ಲಿ ಬೆಡ್‌ಫರ್ಡ್‌ಷೈರಿನ ಶೆರಿಫ್ ಆದ ಜಾನ್ ಹೋವರ್ಡ್, ಶುಲ್ಕದ ಬದಲು ಜೈಲರನಿಗೆ ಸಂಬಳ ಕೊಡಿ ಎಂದು ಕೌಂಟಿಯ ಮ್ಯಾಜಿಸ್ಟ್ರೇಟರನ್ನು ಕೇಳಿದ. ಅವರು, ಯಾವ ಆಡಳಿತಗಾರರೂ ಕೇಳುವಂತೆ, ಪೂರ್ವನಿದರ್ಶನ ಕೇಳಿದರು. ಅದನ್ನು ಹುಡುಕಿಕೊಂಡು ನೆರೆಯ ಕೌಂಟಿಗಳಿಗೆ ಹೋದವನಿಗೆ ಅಲ್ಲೆಲ್ಲ ಕಂಡದ್ದು ಅದೇ ಅನ್ಯಾಯ. ಅವನ ಸಾಕ್ಷ್ಯ ಕೇಳಿದ ಪಾರ್ಲಿಮೆಂಟು 1774ರಲ್ಲಿ, ಖುಲಾಸೆಯಾದವರನ್ನು ಕೂಡಲೇ ಬಿಡಬೇಕು, ಶುಲ್ಕವನ್ನು ಕೌಂಟಿಯೇ ಭರಿಸಬೇಕು ಎಂದು ಕಾಯಿದೆ ಮಾಡಿತು. ಉಳಿದ ಕೈದಿಗಳು ಶುಲ್ಕ ರದ್ದಾಗಲು 1815ರವರೆಗೆ ಕಾಯಬೇಕಾಯಿತು.

ಇಂದು ಅಮೆರಿಕದ ಅನೇಕ ಕೌಂಟಿ ಜೈಲುಗಳಲ್ಲಿ ಮನೆಯವರು ಕೈದಿಯ ಖಾತೆಗೆ ಹಣ ಹಾಕಿದರೆ ಖಾಸಗಿ ಕಂಪನಿಗಳು ಸೇವಾಶುಲ್ಕ ಹಿಡಿಯುತ್ತವೆ. ಊಟ, ವಸತಿಯ ಬಾಬ್ತೆಂದು ಜೈಲೇ ಆ ಖಾತೆಯಿಂದ ಮುರಿದುಕೊಳ್ಳುವುದೂ ಕೆಲವೆಡೆ ಉಂಟು.