ಪಾಡ್ಯದ ಲೆಕ್ಕ, ಮಾರ್ಚ್ ಗಡುವು

ನಮ್ಮ ಕಲಘಟಗಿ ಪೇಟೆಯಲ್ಲಿ ದೀಪಾವಳಿ ಬಂದರೆ ಅಂಗಡಿ ಪೂಜೆ, ಹೊಸ ಕಿರ್ದಿ ಪುಸ್ತಕ. ಭತ್ತ, ಗೋವಿನಜೋಳ ರೈತರ ಕೈಗೆ ಬರುವ ಕಾಲವದು. ಉದ್ರಿ ವಸೂಲಿಗೂ ಅದೇ ಹದ. ಆದರೆ ತೆರಿಗೆಯ ವರ್ಷ ಶುರುವಾಗುವುದು ಏಪ್ರಿಲ್ 1ಕ್ಕೆ. ಈ ಎರಡು ವರ್ಷಗಳು ಬೇರೆಯಾದದ್ದು ಹೇಗೆ?

ಬ್ರಿಟಿಷ್ ಸರ್ಕಾರ 1860ರಲ್ಲಿ ಆದಾಯ ತೆರಿಗೆ ತಂದಾಗ ಸರ್ಕಾರದ ಲೆಕ್ಕದ ವರ್ಷ ಮೇ 1ಕ್ಕೆ ಶುರುವಾಗುತ್ತಿತ್ತು. 1867ರಲ್ಲಿ ಅದನ್ನು ಏಪ್ರಿಲ್ 1ಕ್ಕೆ ತಂದರು. ವ್ಯಾಪಾರಿಗಳಿಗೆ ಮಾತ್ರ ಸಡಿಲಿಕೆ ಉಳಿದಿತ್ತು. 1961ರ ಆದಾಯ ತೆರಿಗೆ ಕಾಯ್ದೆಯಲ್ಲೂ ದೀಪಾವಳಿಗೆ ಲೆಕ್ಕ ಮುಗಿಸುವವರು ಆ ವರ್ಷದ ಆದಾಯವನ್ನೇ ತೋರಿಸಬಹುದಿತ್ತು. 1989ರ ಏಪ್ರಿಲ್ 1ರಿಂದ ಜಾರಿಗೆ ಬಂದ ತಿದ್ದುಪಡಿ ಆ ಸಡಿಲಿಕೆ ತೆಗೆಯಿತು. ಎಲ್ಲರ ವರ್ಷವೂ ಮಾರ್ಚ್ 31ಕ್ಕೇ ಮುಗಿಯಬೇಕಾಯಿತು. ಪಾಡ್ಯಕ್ಕೆ ಪೂಜೆ ಉಳಿಯಿತು, ಲೆಕ್ಕ ಹೋಯಿತು.

2017ರ ಜುಲೈ 1ಕ್ಕೆ ಜಿಎಸ್‌ಟಿ ಬಂತು. ಈಗ ತಿಂಗಳ ರಿಟರ್ನ್ ಕೊಡುವವರು ಮಾರಾಟದ ವಿವರವನ್ನು ಮುಂದಿನ ತಿಂಗಳ 11ಕ್ಕೆ, ತೆರಿಗೆ ಲೆಕ್ಕವನ್ನು 20ಕ್ಕೆ ಸಲ್ಲಿಸಬೇಕು. ಮೂರು ತಿಂಗಳಿಗೊಮ್ಮೆ ಕೊಡುವ ಸಣ್ಣವರಿಗೆ, 2021ರಿಂದ, ನಮ್ಮ ರಾಜ್ಯದಲ್ಲಿ 13 ಮತ್ತು 22. ರಾಜಿ ತೆರಿಗೆಯವರು ಪ್ರತಿ ಮೂರು ತಿಂಗಳ ತೆರಿಗೆಯನ್ನು ಮುಂದಿನ 18ರೊಳಗೆ ಕಟ್ಟಬೇಕು. ತೆರಿಗೆ ಲೆಕ್ಕ ತಡವಾದರೆ ದಿನಕ್ಕೆ 50 ರೂಪಾಯಿ. ವ್ಯಾಪಾರವೇ ಆಗದಿದ್ದರೂ 20 ರೂಪಾಯಿ, ಒಂದು ಮಿತಿಯವರೆಗೆ.

ದೀಪಾವಳಿಯನ್ನು ಊರೇ ನೆನಪಿಸುತ್ತಿತ್ತು. 20ನೇ ತಾರೀಖನ್ನು ನಾವೇ ನೆನಪಿಡಬೇಕು. ಅದಕ್ಕೇ ನಾವು ಹೇಳುವುದಿಷ್ಟು: ಈ ಸಲ ಪೂಜೆಯ ಪುಸ್ತಕದಲ್ಲಿ ‘ಶ್ರೀ’ ಬರೆದ ಕೆಳಗೆ ನಿಮ್ಮ ತಾರೀಖುಗಳನ್ನೂ ಬರೆದಿಡಿ.