ವೈದ್ಯನಾಗಲು ಯಾರ ಅಪ್ಪಣೆ?

ಅಮೆರಿಕದ ವೆಸ್ಟ್ ವರ್ಜೀನಿಯಾ ರಾಜ್ಯದ ಫ್ರಾಂಕ್ ಡೆಂಟ್ 1876ರಿಂದ ವೈದ್ಯವೃತ್ತಿ ನಡೆಸುತ್ತಿದ್ದರು. ಸಿನ್ಸಿನಾಟಿಯ ಕಾಲೇಜೊಂದರ ಡಿಪ್ಲೊಮಾ ಕೂಡ ಅವರಲ್ಲಿತ್ತು. ಆದರೂ 1882ರಲ್ಲಿ ಅವರ ಮೇಲೆ ಮೊಕದ್ದಮೆ ಹೂಡಲಾಯಿತು. ಸರ್ಕಾರದ ಪ್ರಮಾಣಪತ್ರವಿಲ್ಲದೆ ಚಿಕಿತ್ಸೆ ನೀಡಿದ್ದೇ ಅಪರಾಧ. ದಂಡ 50 ಡಾಲರ್.

ಅದಕ್ಕೆ ಕೆಲವು ದಶಕಗಳ ಹಿಂದೆ ಅಮೆರಿಕದ ಬಹುತೇಕ ರಾಜ್ಯಗಳು ವೈದ್ಯರ ಲೈಸೆನ್ಸ್ ಕಾಯ್ದೆಗಳನ್ನು ರದ್ದುಪಡಿಸಿದ್ದವು. ಲೈಸೆನ್ಸ್ ಎಂದರೆ ಕೆಲವರಿಗಷ್ಟೇ ಸಿಗುವ ವಿಶೇಷ ಹಕ್ಕು ಎಂಬ ಸಿಟ್ಟು ಜನರಲ್ಲಿತ್ತು. ಹೀಗಾಗಿ ಅಲೋಪತಿ, ಹೋಮಿಯೋಪತಿ ಹಾಗೂ ಗಿಡಮೂಲಿಕೆಗಳನ್ನು ಹೆಚ್ಚಾಗಿ ನೆಚ್ಚಿದ್ದ ‘ಎಕ್ಲೆಕ್ಟಿಕ್’ ಪಂಥದವರು ಅಕ್ಕಪಕ್ಕದಲ್ಲೇ ವೃತ್ತಿ ನಡೆಸುತ್ತಿದ್ದರು. ಡೆಂಟ್ ಅವರ ಡಿಪ್ಲೊಮಾ ಈ ಕೊನೆಯ ಪಂಥದ್ದು.

ವೆಸ್ಟ್ ವರ್ಜೀನಿಯಾದ ಹೊಸ ಕಾಯ್ದೆ ಮೂರು ದಾರಿ ತೋರಿಸಿತ್ತು: ಪ್ರತಿಷ್ಠಿತ ಕಾಲೇಜಿನ ಪದವಿ, ರಾಜ್ಯದಲ್ಲಿ ಹತ್ತು ವರ್ಷಗಳ ವೃತ್ತಿ ಅಥವಾ ಆರೋಗ್ಯ ಮಂಡಳಿಯ ಪರೀಕ್ಷೆಯಲ್ಲಿ ತೇರ್ಗಡೆ. ಡೆಂಟ್ ಅವರಿಗೆ ಹತ್ತು ವರ್ಷ ತುಂಬಿರಲಿಲ್ಲ. ಅವರ ಕಾಲೇಜು ಪ್ರತಿಷ್ಠಿತವಲ್ಲವೆಂದು ಮಂಡಳಿ ತೀರ್ಮಾನಿಸಿತು. ಆ ಮಂಡಳಿಯ ಸದಸ್ಯರೂ ವೈದ್ಯರೇ!

ದುಡಿದು ತಿನ್ನುವ ಹಕ್ಕನ್ನು ಸರ್ಕಾರ ಹೀಗೆ ಕಸಿಯಬಹುದೇ? ಪ್ರಶ್ನೆ ಸುಪ್ರೀಂ ಕೋರ್ಟಿನವರೆಗೆ ಹೋಯಿತು. 1889ರ ಜನವರಿಯಲ್ಲಿ ಬಂದ ಸರ್ವಾನುಮತದ ತೀರ್ಪು ಡೆಂಟ್‌ಗೆ ವಿರುದ್ಧವಾಗಿತ್ತು. ತೀರ್ಪು ಬರೆದವರು ನ್ಯಾಯಮೂರ್ತಿ ಸ್ಟೀಫನ್ ಫೀಲ್ಡ್. ಇದೇ ಫೀಲ್ಡ್ 1867ರಲ್ಲಿ, ಪಾದ್ರಿಗಳು ರಾಜನಿಷ್ಠೆಯ ಪ್ರಮಾಣ ಮಾಡದೆ ಬೋಧಿಸಕೂಡದೆಂಬ ಮಿಸೌರಿ ರಾಜ್ಯದ ನಿಯಮವನ್ನು ತಳ್ಳಿಹಾಕಿದ್ದರು.

ಎರಡು ತೀರ್ಪುಗಳ ನಡುವೆ ವಿರೋಧವಿಲ್ಲ. ಷರತ್ತಿಗೂ ವೃತ್ತಿಗೂ ನೇರ ಸಂಬಂಧವಿರಬೇಕು, ಓದಿ ಶ್ರಮಿಸಿದವರಿಗೆ ಅದು ಎಟುಕುವಂತಿರಬೇಕು ಎಂಬುದು ಫೀಲ್ಡ್ ಒರೆಗಲ್ಲು. ಪ್ರಮಾಣವಚನಕ್ಕೂ ಬೋಧನೆಯ ಅರ್ಹತೆಗೂ ಸಂಬಂಧವಿರಲಿಲ್ಲ. ವೈದ್ಯಶಿಕ್ಷಣಕ್ಕೂ ರೋಗಿಯ ಪ್ರಾಣಕ್ಕೂ ಇದೆ. ವೈದ್ಯನ ಯೋಗ್ಯತೆಯನ್ನು ಅಳೆಯುವ ಶಕ್ತಿ ಸಾಮಾನ್ಯ ರೋಗಿಗೆ ಇರುವುದಿಲ್ಲ, ಆದ್ದರಿಂದ ಅವನ ಪರವಾಗಿ ಸರ್ಕಾರ ಅಳೆಯಬೇಕು ಎಂಬುದು ವಾದದ ತಿರುಳು.

ಆದರೆ ಒಮ್ಮೆ ತೆರೆದ ಬಾಗಿಲಿನಿಂದ ಬೇರೆಯವರೂ ಒಳಬಂದರು. 1897ರಲ್ಲಿ ಮಿನ್ನೆಸೋಟ ರಾಜ್ಯ ಕ್ಷೌರಿಕರಿಗೂ ಲೈಸೆನ್ಸ್ ಕಡ್ಡಾಯ ಮಾಡಿತು. 1950ರ ದಶಕದಲ್ಲಿ ಅಮೆರಿಕದ ಕೆಲಸಗಾರರಲ್ಲಿ ಶೇ 5ರಷ್ಟು ಮಂದಿಗೆ ಬೇಕಿದ್ದ ಲೈಸೆನ್ಸ್, ಈಗ ಸುಮಾರು ಐವರಲ್ಲಿ ಒಬ್ಬರಿಗೆ ಬೇಕಾಗಿದೆ. ಹೊಸಬರನ್ನು ಹೊರಗಿಟ್ಟರೆ ಒಳಗಿದ್ದವರಿಗೆ ಲಾಭವೆಂಬುದು ಇದಕ್ಕೆ ಒಂದು ಕಾರಣ.

ಭಾರತದ ಸಂವಿಧಾನದ 19ನೇ ವಿಧಿ ಎರಡನ್ನೂ ಒಟ್ಟಿಗೆ ಇಟ್ಟಿದೆ: ಯಾವ ವೃತ್ತಿಯನ್ನಾದರೂ ಹಿಡಿಯುವ ಹಕ್ಕು ಪ್ರಜೆಗೆ, ಆ ವೃತ್ತಿಗೆ ಅಗತ್ಯವಾದ ಅರ್ಹತೆ ಗೊತ್ತುಪಡಿಸುವ ಅಧಿಕಾರ ಸರ್ಕಾರಕ್ಕೆ. ‘ಅಗತ್ಯ’ ಯಾವುದು ಎಂಬಲ್ಲಿಯೇ ಡೆಂಟ್ ಎತ್ತಿದ ಜಗಳ ಇಂದಿಗೂ ನಿಂತಿದೆ.